ಎಲ್ಲರಿಗೂ ಒಂದೇ ಪದಕ

ಈ ಸಲದ ಗೋಡೆ ಪತ್ರಿಕೆಗೆ ನಾನು ಜನರಲ್ ತಿಮ್ಮಯ್ಯನವರ ಜೀವನ ಚರಿತ್ರೆ ಬರೆದಿದ್ದೇನೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ನೇ ಇಸವಿ ಮಾರ್ಚ್ 31ರಂದು ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದರು. ಆಮೇಲೆ ಡೆಹ್ರಾಡೂನ್ ಮತ್ತು ಇಂಗ್ಲೆಂಡಿನಲ್ಲಿ ಸೈನ್ಯದ ಶಿಕ್ಷಣ ಪಡೆದು 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಯುದ್ಧರಂಗದಲ್ಲಿ ಒಂದು ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯ ಇವರೇ. ಅಲ್ಲಿನ ಶೌರ್ಯಕ್ಕೆ ಡಿ.ಎಸ್.ಒ. ಎಂಬ ದೊಡ್ಡ ಗೌರವ ಸಿಕ್ಕಿತು.

ಆದರೆ ನನಗೆ ಇಷ್ಟವಾದದ್ದು ಅವರ ಇನ್ನೊಂದು ಪದಕ. ಅದರ ಹೆಸರು ಸಾಮಾನ್ಯ ಸೇವಾ ಪದಕ 1947. ಕೆಂಪು ಪಟ್ಟಿ, ಅದರಲ್ಲಿ ಐದು ಹಸಿರು ಗೆರೆ. ಜಮ್ಮು ಕಾಶ್ಮೀರದ ಯುದ್ಧದಲ್ಲಿ ಸೇವೆ ಮಾಡಿದವರಿಗೆ ಇದನ್ನು ಕೊಟ್ಟರು.

1948ರಲ್ಲಿ ಜೋಜಿಲಾ ಕಣಿವೆ ಶತ್ರುಗಳ ಕೈಲಿತ್ತು. ಲಡಾಖಿನ ಲೇಹ್‌ಗೆ ಹೋಗುವ ದಾರಿಯೇ ಬಂದ್. ಸೆಪ್ಟೆಂಬರಿನಲ್ಲಿ ನಮ್ಮವರು ನುಗ್ಗಲು ನೋಡಿದರು, ಆಗಲಿಲ್ಲ. ಆಗ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಟ್ಯಾಂಕ್ ಹತ್ತಿಸೋಣ ಅಂತ ತೀರ್ಮಾನಿಸಿದರು. ನಮ್ಮ ಕಡೆ ಎತ್ತರ ಅಂದರೆ ನಂದಿಬೆಟ್ಟ. ಅದು 4,851 ಅಡಿ. ಜೋಜಿಲಾ 11,500 ಅಡಿಗೂ ಹೆಚ್ಚು! ಶತ್ರುಗಳಿಗೆ ಗೊತ್ತಾಗದಂತೆ ಟ್ಯಾಂಕಿನ ಮೇಲ್ಭಾಗ ಬಿಚ್ಚಿ, ಮುಚ್ಚಿಕೊಂಡು ಸಾಗಿಸಿದರು. ಮದ್ರಾಸ್ ಸ್ಯಾಪರ್ಸ್ ದಳದವರು ಬಂಡೆ ಒಡೆದು ದಾರಿ ಅಗಲ ಮಾಡಿದರು. ಈ ದಳದ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ನವೆಂಬರ್ 1ರಂದು, ಹಿಮ ಬೀಳುವಾಗ, ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಶತ್ರುಗಳು ಓಡಿದರು. ಲಡಾಖ್ ಉಳಿಯಿತು.

ಟ್ಯಾಂಕಿನಲ್ಲಿ ಕೂತ ಜನರಲ್‌ಗೂ, ಬಂಡೆ ಒಡೆದ ಸಿಪಾಯಿಗೂ ಅದೇ ಪದಕ. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಚಿಕ್ಕದು ಅಂತ ಇಲ್ಲ.

ನಮ್ಮೂರಲ್ಲಿ ಮಿಲಿಟರಿಯಿಂದ ಬಂದ ಒಬ್ಬ ತಾತ ಇದ್ದಾರೆ. ಅವರು ಅಲ್ಲಿ ಅಡಿಗೆಯವರಾಗಿದ್ದರು. ಬರೀ ಸೌಟು ಹಿಡಿದವರು, ಅವರೆಂಥ ಸೈನಿಕರು ಅಂತ ಕೆಲವರು ನಗುತ್ತಾರೆ. ತಾತ ಏನೂ ಅನ್ನೋದಿಲ್ಲ. 1971ರ ಯುದ್ಧದ ಪದಕ ಅವರ ಹತ್ತಿರವೂ ಇದೆ. ಗಡಿಯಲ್ಲಿ ಹೊಟ್ಟೆಗೆ ಹಿಟ್ಟಿಲ್ಲದೆ ಯಾರು ತಾನೆ ಬಂದೂಕು ಹಿಡಿದಾರು? ನಗುವವರು ಇದನ್ನು ಯೋಚಿಸಬೇಕು ಅಂತ ನನ್ನ ಅನಿಸಿಕೆ.

1953ರಲ್ಲಿ ತಿಮ್ಮಯ್ಯನವರು ಕೊರಿಯಾಕ್ಕೆ ಹೋಗಿ ಯುದ್ಧ ಕೈದಿಗಳ ಸಮಸ್ಯೆ ಬಗೆಹರಿಸುವ ಆಯೋಗದ ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ ಬಂತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರದೆ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿ ಸೇನೆಯನ್ನು ನಡೆಸಿದರು. ಅಲ್ಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಶಾಲೆಯಿಂದ ಪ್ರವಾಸ ಹೊರಟರೆ ಅಲ್ಲಿಗೇ ಹೋಗೋಣ, ಆ ತಾತನನ್ನೂ ಕರೆದುಕೊಂಡು ಹೋಗೋಣ ಅಂತ ಗುರುಗಳಲ್ಲಿ ನನ್ನ ವಿನಂತಿ.

– 7ನೇ ತರಗತಿ