ಹೋಬಳಿ ಶಾಲೆಯ ರೈಸ್ ಸಾಹೇಬರು

ಬಿ. ಎಲ್. ರೈಸ್ ಎಂದರೆ ಶಾಸನಗಳ ರೈಸ್ ಅಂತಲೇ ಓದಿದವರು ಹೇಳುವುದು ವಾಡಿಕೆ. ಆದರೆ ಶಾಸನದ ಕೆಲಸಕ್ಕೆ ಪೂರ್ತಿ ಇಳಿಯುವುದಕ್ಕೂ ಮುಂಚೆ ಅವರು ಇಸ್ಕೂಲ್ ಸಾಹೇಬರು. ನಮ್ಮಂಥ ಬೇಸಾಯಗಾರರ ಮನೆಗಳಿಗೆ ಅಕ್ಷರ ಬಂದ ದಾರಿಯಲ್ಲಿ ಈ ಮಹನೀಯರ ಹೆಜ್ಜೆ ಇದೆ. ಆದ್ದರಿಂದ ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಅವರ ವಿಚಾರವಾಗಿ ನಾಲ್ಕು ಮಾತು ಬರೆಯೋಣವೆಂದು ಹೊರಟಿದ್ದೇವೆ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ತಂದೆ ಪಾದ್ರಿಗಳು. ಅವರೂ ಕನ್ನಡ ಬಲ್ಲವರು, ಶಾಲೆಗಳನ್ನು ನಡೆಸಿದವರು. ಹೀಗಾಗಿ ಮಗನಿಗೆ ಕನ್ನಡ ಎಳೆ ವಯಸ್ಸಿನಿಂದಲೇ ಕಿವಿಗೆ ಬಿದ್ದಿತ್ತು. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಬೆಂಗಳೂರಿಗೆ ವಾಪಸು ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮುಖ್ಯಸ್ಥರಾದರು. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಯ ಶಾಲೆಗಳ ಇನ್ಸ್‌ಪೆಕ್ಟರ್ ಆದರು. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್ ಗ್ಯಾರೆಟ್ ಸಾಹೇಬರು ರಜೆ ಮೇಲೆ ಹೋದಾಗ ಆ ಜಾಗದ ಕೆಲಸವೂ ಇವರ ಮೇಲೆ ಬಿತ್ತು.

ಆಗ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಅಯ್ಯನವರ ಜಗಲಿಯೋ, ಗುಡಿಯ ಚಾವಡಿಯೋ ಶಾಲೆ. ಮರಳಿನ ಮೇಲೆ ಬೆರಳಿಂದ ತಿದ್ದುವುದು, ಮಗ್ಗಿ ಬಾಯಿಪಾಠ, ಕೋಲಿನ ಏಟು. ಕೊಡುವವರ ಮಕ್ಕಳು ಕಲಿತರು, ಮಿಕ್ಕವರು ದನ ಕಾಯ್ದರು. ಸರ್ಕಾರಿ ಶಾಲೆ ಬೇಕೆಂದರೆ ಪೇಟೆಗೆ ಹೋಗಬೇಕಿತ್ತು.

ರೈಸ್ ಸಾಹೇಬರು 1868ರಲ್ಲಿ ಹಾಕಿಕೊಟ್ಟ ಯೋಜನೆಯೇ ಹೋಬಳಿ ಶಾಲೆ. ಹೋಬಳಿಗೊಂದರಂತೆ ಕನ್ನಡ ಶಾಲೆ ಆಗಬೇಕು. ಶಾಲೆ ಬೇಕೆನ್ನುವ ಊರಿನವರು ಕಟ್ಟಡ ಒದಗಿಸಬೇಕು, ಮೇಷ್ಟ್ರ ಸಂಬಳ ಸರ್ಕಾರದ್ದು. ಕಂದಾಯದ ಜೊತೆ ರೈತರು ಕಟ್ಟುತ್ತಿದ್ದ ಉಪಕರದಲ್ಲಿ ಒಂದು ಪಾಲು ಶಾಲೆಗಳಿಗೇ ಬಂತು. ಅಂದರೆ ಇದು ಸಾಹೇಬರು ಕೊಟ್ಟ ಧರ್ಮ ಅಲ್ಲ, ರೈತನ ಗಂಟಿನಿಂದ ರೈತನ ಮಗನಿಗೆ ಬಂದ ವಿದ್ಯೆ. ಷೇರು ಹಣ ಹಾಕಿ ಸಂಘ ಕಟ್ಟಿದ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಇನ್ನೊಂದು ಜಾಣತನವನ್ನೂ ಅವರು ಮಾಡಿದರು. ಕೂಲಿಮಠದ ಅಯ್ಯನವರನ್ನು ಓಡಿಸಲಿಲ್ಲ, ಅವರನ್ನೇ ಕರೆಸಿ ತರಬೇತಿ ಕೊಡಿಸಿ ಹೋಬಳಿ ಶಾಲೆಯ ಮೇಷ್ಟ್ರು ಮಾಡುವ ಏರ್ಪಾಡು ಮಾಡಿದರು. ಹಳಬರ ಅನ್ನವೂ ಹೋಗಲಿಲ್ಲ, ಹೊಸ ಪಾಠವೂ ನಡೆಯಿತು.

ಕೊರತೆಯನ್ನೂ ಹೇಳಬೇಕು. ಹೋಬಳಿಗೆ ಬಂದ ಶಾಲೆಯೊಳಕ್ಕೆ ದಲಿತರ ಮಕ್ಕಳು ಬರುವಂತಿರಲಿಲ್ಲ. ಮೈಸೂರು ಸರ್ಕಾರ ಆ ಬಾಗಿಲು ತೆರೆಯಲು ಮುಂದಾದದ್ದು 1910ರ ನಂತರವೇ, ಅದೂ ಎಷ್ಟೋ ಕಡೆ ಗಲಾಟೆಯಾಗಿ. ಹೆಣ್ಣುಮಕ್ಕಳ ಸಂಖ್ಯೆಯೂ ಬಹಳ ಕಡಿಮೆ. ಹೀಗೆ ಕಷ್ಟಪಟ್ಟು ಬಂದ ಶಾಲೆಗಳಿಗೆ ಈಗ ಮಕ್ಕಳಿಲ್ಲವೆಂದು ಬೀಗ ಬೀಳುವ ಸುದ್ದಿ ಕೇಳುವಾಗ ನಮಗೆ ಸಂಕಟವಾಗುತ್ತದೆ.

ಶಾಲೆ ತಪಾಸಣೆಗೆ ಕುದುರೆ ಏರಿ ಊರೂರು ಸುತ್ತುವಾಗಲೇ ಅವರ ಕಣ್ಣಿಗೆ ಅಕ್ಷರದ ಕಲ್ಲುಗಳು ಬಿದ್ದದ್ದು. ಏನು ಬರೆದಿದೆ ಅಂತ ಕೇಳಿದರೆ ಓದಿ ಹೇಳುವವರು ಸಿಗುವುದು ಅಪರೂಪ. ಪಂಡಿತರನ್ನು ಜೊತೆಗಿಟ್ಟುಕೊಂಡು ಓದಿಸತೊಡಗಿದರು. ಆ ಪಂಡಿತರ ದುಡಿಮೆ ಇಲ್ಲದೆ ಇಷ್ಟು ಕೆಲಸ ಆಗುತ್ತಿರಲಿಲ್ಲ, ಅವರ ಹೆಸರು ಮಾತ್ರ ಜನಕ್ಕೆ ಗೊತ್ತಿಲ್ಲ. ನಡುವೆ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದರು, 1881ರ ಜನಗಣತಿ ಕೆಲಸ ಮಾಡಿದರು, 1882ರಲ್ಲಿ ಇಡೀ ದೇಶದ ಶಿಕ್ಷಣ ವಿಚಾರಿಸಿದ ಹಂಟರ್ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದರು. ಆಮೇಲೆ ಪ್ರಾಚ್ಯ ಸಂಶೋಧನೆ ಇಲಾಖೆಯೇ ಅವರ ಬದುಕಾಯಿತು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳು ಬಂದವು.

1898ರಲ್ಲಿ ಬಂದ 4ನೇ ಸಂಪುಟ ನಮ್ಮ ಕಡೆಯದು. ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ ತಾಲ್ಲೂಕುಗಳ ಕಲ್ಲುಗಳು ಅದರಲ್ಲಿವೆ. ಯಡತೊರೆ ಎಂದರೆ ಈಗಿನ ಕೆ.ಆರ್. ನಗರ ತಾಲ್ಲೂಕು. ಪಿರಿಯಾಪಟ್ಟಣ ಆಗ ಹುಣಸೂರಿಗೇ ಸೇರಿತ್ತು. ಈ ಭಾಗವನ್ನು ಆಳಿದ ಚಂಗಾಳ್ವ ಅರಸರ ಕಥೆಯನ್ನು ಚಿಕ್ಕಹನಸೋಗೆ ಮೊದಲಾದ ಊರುಗಳ ಶಾಸನಗಳಿಂದ ಕೂಡಿಸಿ ಕೊಟ್ಟವರು ಇವರೇ. ಕೋಟೆ ತಾಲ್ಲೂಕಿನ ಕಿತ್ತೂರು ಹಿಂದೆ ಪುನ್ನಾಟ ರಾಜ್ಯದ ರಾಜಧಾನಿಯಾಗಿತ್ತೆಂದೂ ಗುರುತಿಸಿದರು. ಆ ಕಿತ್ತೂರು ಇವತ್ತು ಕಬಿನಿ ಹಿನ್ನೀರಿನಲ್ಲಿ ಮುಳುಗಿದೆ. ಬರೆದಿಟ್ಟಿದ್ದರಿಂದ ಹೆಸರಾದರೂ ಉಳಿಯಿತು. ನಮ್ಮ ಕಡೆ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಹಾಸಾಗಿವೆ, ನಿಧಿ ಆಸೆಗೆ ಬುಡ ಅಗೆಸಿಕೊಂಡಿವೆ. ಕಲ್ಲಿನಡಿ ಹೊನ್ನು ಸಿಕ್ಕಿದವರನ್ನು ನಾವಂತೂ ಕಂಡಿಲ್ಲ.

ಮೈಸೂರಿನಲ್ಲಿ ಸಹಕಾರ ಸಂಘಗಳ ಕಾನೂನು ಬಂದದ್ದು 1905ರಲ್ಲಿ. ಅದರ ಮರುವರ್ಷವೇ, 1906ರಲ್ಲಿ, ರೈಸ್ ಸಾಹೇಬರು ನಿವೃತ್ತಿಯಾಗಿ ಇಂಗ್ಲೆಂಡಿಗೆ ಹೊರಟರು. ಅಲ್ಲಿ ಕುಳಿತೂ ಈ ನಾಡಿನ ಚರಿತ್ರೆಯ ಪುಸ್ತಕವನ್ನು 1909ರಲ್ಲಿ ಹೊರತಂದರು. 1927ರಲ್ಲಿ, ಸುಮಾರು 90ರ ವಯಸ್ಸಿನಲ್ಲಿ, ಹ್ಯಾರೋ ಎಂಬಲ್ಲಿ ತೀರಿಕೊಂಡರು. ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಆ ಸಂಪುಟಗಳನ್ನು ತಿದ್ದಿ, ಹೊಸ ಶಾಸನ ಸೇರಿಸಿ ಮತ್ತೆ ಅಚ್ಚು ಹಾಕಿಸಿದ್ದಾರೆ. ಊರಿನ ಹೆಸರು ಹುಡುಕಿ ತೆಗೆದರೆ ಕಲ್ಲು ಊರಿನ ಯಾವ ದಿಕ್ಕಿಗಿತ್ತು, ಗುಡಿ ಮುಂದೆಯೋ ಕೆರೆ ಏರಿ ಮೇಲೋ ಎಂಬುದನ್ನೂ ಬರೆದಿದ್ದಾರೆ.