ಒಂದು ಬಾಟಲಿ, 19 ಸಾವು ಮತ್ತು ಹಾಫ್ಕಿನ್

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನ ಪ್ಲೇಗಿನ ಚುಚ್ಚುಮದ್ದು ಹಾಕಿಸಿಕೊಂಡರು. ಅವರಲ್ಲಿ 19 ಮಂದಿ ಧನುರ್ವಾಯು ಬಡಿದು ಸತ್ತರು. ಅಷ್ಟೂ ಜನಕ್ಕೆ ಮದ್ದು ಹೋಗಿದ್ದು ಒಂದೇ ಬಾಟಲಿಯಿಂದ. ಉಳಿದ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಧನುರ್ವಾಯು ಬರಲಿಲ್ಲ. ಆ ಮದ್ದು ಕಂಡುಹಿಡಿದವನ ಹೆಸರು ವಾಲ್ಡೆಮಾರ್ ಹಾಫ್ಕಿನ್. ಲಸಿಕೆ ಸುರಕ್ಷಿತವೇ ಎಂಬ ಜಗಳ ಎದ್ದಾಗಲೆಲ್ಲ ನನಗೆ ಈತನ ಬದುಕು ನೆನಪಾಗುತ್ತೆ. ಯಾಕಂದ್ರೆ ಆ ಜಗಳದ ಎರಡೂ ಕಡೆಯವರಿಗೆ ಇಲ್ಲಿ ಪಾಠ ಇದೆ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ, ಯಹೂದಿ ಕುಟುಂಬದಲ್ಲಿ. ಓದುವಾಗಲೇ ಜಾರ್ ಪ್ರಭುತ್ವದ ಪೊಲೀಸರ ಕಣ್ಣಿಗೆ ಬಿದ್ದು ಬಂಧನಕ್ಕೊಳಗಾದ ಹುಡುಗ. ಮತ ಬದಲಿಸಿದ್ದರೆ ಪ್ರಾಧ್ಯಾಪಕನ ಹುದ್ದೆಯ ದಾರಿ ತೆರೀತಿತ್ತು. ಆತ ಒಪ್ಪಲಿಲ್ಲ. ಊರು ಬಿಟ್ಟು ಜಿನೀವಾ, ಅಲ್ಲಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ. ಅಲ್ಲಿ ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಕಾಲರಾಕ್ಕೆ ಲಸಿಕೆ ತಯಾರಿಸಿದ. 1892ರ ಜುಲೈನಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ.

ಮರುವರ್ಷ ಭಾರತಕ್ಕೆ ಬಂದ. ಕಲ್ಕತ್ತೆಯ ಕೊಳೆಗೇರಿಗಳಲ್ಲಿ, ಅಸ್ಸಾಮಿನ ಚಹಾ ತೋಟಗಳಲ್ಲಿ ತಿರುಗಿದ. ಎರಡೂವರೆ ವರ್ಷದೊಳಗೆ 40,000ಕ್ಕೂ ಹೆಚ್ಚು ಜನ ಕಾಲರಾ ಲಸಿಕೆ ಹಾಕಿಸಿಕೊಂಡರು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ, ಬೆರಳೆಣಿಕೆಯ ಸಹಾಯಕರೊಂದಿಗೆ ಹಾಫ್ಕಿನ್ ಕೆಲಸ ಶುರು ಮಾಡಿದ. ಹಂದಿ ಮಾಂಸ, ದನದ ಮಾಂಸ ಬಳಸಿದರೆ ಜನ ಮುಟ್ಟಲ್ಲ ಅಂತ ಆಡಿನ ಮಾಂಸದ ಸಾರಿನಲ್ಲಿ ಪ್ಲೇಗಿನ ರೋಗಾಣು ಬೆಳೆಸಿದ. ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ರೋಗಾಣು ಅದಕ್ಕೆ ಜೋತುಬಿದ್ದು ಎಳೆ ಎಳೆಯಾಗಿ ಕೆಳಕ್ಕೆ ಇಳಿಯುತ್ತಿತ್ತು. ಅದನ್ನು ಕಾಯಿಸಿ ಕೊಂದರೆ ಲಸಿಕೆ. 1897ರ ಜನವರಿ 10ರಂದು ಮತ್ತೆ ತನ್ನ ಮೇಲೇ ಮೊದಲ ಪ್ರಯೋಗ.

ಮುಂದಿನ ಪ್ರಯೋಗ ನಡೆದಿದ್ದು ಬೈಕಲಾ ಜೈಲಿನಲ್ಲಿ. ಒಪ್ಪಿದ ಕೈದಿಗಳಿಗಷ್ಟೇ ಚುಚ್ಚಿದರು ಅಂತ ದಾಖಲೆ ಇದೆ. ಆದರೆ ಕಂಬಿಯ ಹಿಂದೆ ಇರುವವನ ಒಪ್ಪಿಗೆಗೆ ಎಷ್ಟು ಬೆಲೆ? ಈ ಪ್ರಶ್ನೆಯನ್ನು ನಾವು ಇವತ್ತು ಕೇಳಲೇಬೇಕು. ಹಾಫ್ಕಿನ್‌ನನ್ನು ಮೆಚ್ಚಿಕೊಂಡೂ ಕೇಳಬಹುದು.

ಜನ ಯಾಕೆ ಹೆದರಿದ್ದರು ಅನ್ನೋದನ್ನೂ ನೋಡಿ. ಅದೇ ವರ್ಷ ಪುಣೆಯಲ್ಲಿ ಸೈನಿಕರು ಪ್ಲೇಗಿನ ಹೆಸರಲ್ಲಿ ಮನೆಗಳಿಗೆ ನುಗ್ಗಿ, ಅಡುಗೆಮನೆ, ದೇವರಮನೆ ಎನ್ನದೆ ಜಾಲಾಡಿದ್ದರು. ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರಾಂಡ್‌ನನ್ನು ಗುಂಡಿಟ್ಟು ಕೊಂದಿದ್ದು ಆ ಸಿಟ್ಟಿನಲ್ಲೇ. ಅಂಥ ಸರ್ಕಾರ ಸೂಜಿ ಹಿಡಿದು ಬಂದರೆ ಯಾರು ನಂಬ್ತಾರೆ? ಆದರೂ 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಮುಂಬಯಿಯಲ್ಲಿ ಆಗಾ ಖಾನ್ ತನ್ನ ಸಮುದಾಯದವರ ಎದುರೇ ಚುಚ್ಚಿಸಿಕೊಂಡು ಧೈರ್ಯ ತುಂಬಿದ. ಲಸಿಕೆಯಿಂದ ಜ್ವರ, ತೋಳುನೋವು ಬರುತ್ತಿತ್ತು. ಅದು ನೂರಕ್ಕೆ ನೂರು ಕಾಪಾಡುತ್ತಲೂ ಇರಲಿಲ್ಲ. ಸಾಯುವವರ ಸಂಖ್ಯೆಯನ್ನು ಮಾತ್ರ ಬಹಳಷ್ಟು ಇಳಿಸುತ್ತಿತ್ತು.

ಆಮೇಲೆ ಮುಲ್ಕೊವಾಲ್. ವಿಚಾರಣಾ ಆಯೋಗದ ಬೆರಳು ಹಾಫ್ಕಿನ್‌ನ ಪ್ರಯೋಗಾಲಯದ ಕಡೆ ತಿರುಗಿತು. ಬೇಗ ಬೇಗ ತಯಾರಿಸಲು ಆತ ಕಾರ್ಬಾಲಿಕ್ ಆಮ್ಲ ಬಿಟ್ಟು ಬರೀ ಶಾಖದಿಂದ ಶುದ್ಧೀಕರಿಸುತ್ತಿದ್ದ ಅನ್ನೋದು ಆಕ್ಷೇಪ. ಆತನನ್ನು ಕೆಲಸದಿಂದ ದೂರ ಇಟ್ಟರು. ಆದರೆ ಹಳ್ಳಿಯಲ್ಲಿ ಏನಾಗಿತ್ತು? ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧ ಮಾಡದೆ ಅದನ್ನೇ ಬಳಸಿದ್ದರು. ಧನುರ್ವಾಯುವಿನ ರೋಗಾಣು ಇರೋದೇ ಮಣ್ಣಿನಲ್ಲಿ. ತೆರೆದಾಗ ಬಾಟಲಿಯಿಂದ ಕೆಟ್ಟ ವಾಸನೆಯೂ ಬಂದಿರಲಿಲ್ಲ. ಮದ್ದು ತಯಾರಾಗಿ 41 ದಿನ ಕಳೆದಿದ್ದವು, ಪ್ರಯೋಗಾಲಯದಲ್ಲೇ ಕೆಟ್ಟಿದ್ದರೆ ಅಷ್ಟರಲ್ಲಿ ನಾರಬೇಕಿತ್ತು. ಈ ಸಾಕ್ಷ್ಯಗಳು ಸಾರ್ವಜನಿಕರ ಮುಂದೆ ಬರಲು ವರ್ಷಗಳೇ ಹಿಡಿದವು.

1907ರ ಜುಲೈನಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತು ಇತರ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಆರೋಪ ನಿಲ್ಲುವುದಿಲ್ಲ ಎಂದರು. ಅದೇ ವರ್ಷದ ಕೊನೆಗೆ ಹಾಫ್ಕಿನ್ ದೋಷಮುಕ್ತನಾದ. ಮತ್ತೆ ಕಲ್ಕತ್ತೆಗೆ ಬಂದ, ಆದರೆ ಅಲ್ಲಿ ಲಸಿಕೆ ತಯಾರಿಸುವ ವ್ಯವಸ್ಥೆಯೇ ಇರಲಿಲ್ಲ. ಆ ಒಂದೇ ವರ್ಷ ಭಾರತದಲ್ಲಿ ಪ್ಲೇಗಿಗೆ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹಾಫ್ಕಿನ್ ತೀರಿಕೊಂಡ. ಮುಂಬಯಿಯ ಪರೇಲಿನಲ್ಲಿ ಆತ ಕಟ್ಟಿದ ಪ್ರಯೋಗಾಲಯ 1925ರಿಂದ ಆತನ ಹೆಸರಲ್ಲೇ ಇದೆ.

ಮುಲ್ಕೊವಾಲಿನ 19 ಮನೆಗಳವರು ಮದ್ದಿನ ಮೇಲೆ ಸಿಟ್ಟಾಗಿದ್ದರೆ ಅವರನ್ನು ಅಜ್ಞಾನಿಗಳು ಅನ್ನೋ ಹಕ್ಕು ನಮಗಿಲ್ಲ. ಸಾವು ನಿಜ, ಬಾಟಲಿಯೂ ನಿಜ. ಆದರೆ ಆ ಒಂದು ಬಾಟಲಿ ನೋಡಿ ಇಡೀ ಲಸಿಕೆ ವಿಷ ಅಂದಿದ್ದರೆ ಪ್ಲೇಗಿಗೆ ಇನ್ನಷ್ಟು ಜನ ಬಲಿಯಾಗುತ್ತಿದ್ದರು. ಹಾಗಾಗಿ ನನ್ನ ಬೇಡಿಕೆ ಸರಳ. ಅಡ್ಡಪರಿಣಾಮದ ದೂರು ಬಂದರೆ ತಕ್ಷಣ ತನಿಖೆ ಆಗಲಿ. ಯಾವ ಬಾಟಲಿ, ಯಾರ ಕೈ, ಯಾವ ಹಂತ ಅಂತ ವರದಿ ಹೇಳಲಿ. ಆ ವರದಿ ವಾರಗಳಲ್ಲಿ ಜನರ ಕೈಗೆ, ಜನರ ಭಾಷೆಯಲ್ಲಿ ಸಿಗಲಿ. ಕಪಾಟಿನಲ್ಲಿ ಐದು ವರ್ಷ ಕೂತ ಸತ್ಯ ಹಾಫ್ಕಿನ್‌ಗೂ ನೆರವಾಗಲಿಲ್ಲ, ಮುಲ್ಕೊವಾಲಿಗೂ ಆಗಲಿಲ್ಲ.