ಕಾಲ ಕಳೆದರೂ ಮಾಸದ ಉಡುಪು

ಹಳತನ್ನು ಹಳಿದು ಹೊಸತನ್ನು ಮಾರುವುದು ಫ್ಯಾಷನ್ ಉದ್ಯಮದ ಅರ್ಥಶಾಸ್ತ್ರ. ಅದಕ್ಕೆ ಅಪವಾದವೆನಿಸಿದವರು ಫ್ರಾನ್ಸಿನ ಕೊಕೊ ಶನೆಲ್. 1883ರಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಅವರು ಹನ್ನೊಂದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಮುಂದೆ ಹೊಲಿಗೆಯನ್ನೇ ಜೀವನೋಪಾಯವಾಗಿಸಿಕೊಂಡು, 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿಯಂಗಡಿ ತೆರೆದರು.

ಮೊದಲ ಮಹಾಯುದ್ಧದ ಅಭಾವದ ದಿನಗಳಲ್ಲಿ ಅವರು ಆರಿಸಿಕೊಂಡದ್ದು, ಬಹುತೇಕ ಪುರುಷರ ಒಳಉಡುಪಿಗೆ ಬಳಕೆಯಾಗುತ್ತಿದ್ದ ಅಗ್ಗದ ಜೆರ್ಸಿ ಬಟ್ಟೆಯನ್ನು. ಸೊಂಟ ಬಿಗಿಯುವ ಉಡುಪಿಗೆ ಒಗ್ಗಿದ್ದ ಸ್ತ್ರೀಯರು ಅದರಿಂದ ಸಲೀಸಾಗಿ ನಡೆದಾಡುವಂತಾಯಿತು. 1926ರಲ್ಲಿ ಅವರ ಸರಳ ಕಪ್ಪು ಉಡುಪನ್ನು ಅಮೆರಿಕದ ‘ವೋಗ್’ ಪತ್ರಿಕೆಯು ಫೋರ್ಡ್ ಕಾರಿಗೆ ಹೋಲಿಸಿತು.

ಎರಡನೆಯ ಮಹಾಯುದ್ಧದಲ್ಲಿ ಅವರ ನಡೆ ಮಾತ್ರ ಅಳಿಸಲಾಗದ ಕಳಂಕ. ಜರ್ಮನ್ ಅಧಿಕಾರಿಯೊಬ್ಬನ ಒಡನಾಟದಲ್ಲಿದ್ದ ಅವರು, ತಮ್ಮ ಸುಗಂಧದ್ರವ್ಯ ಸಂಸ್ಥೆಯ ಯೆಹೂದಿ ಪಾಲುದಾರರ ಹಕ್ಕನ್ನು ಯೆಹೂದಿವಿರೋಧಿ ಕಾನೂನಿನ ಬಲದಿಂದ ಕಸಿಯಲು 1941ರಲ್ಲಿ ಯತ್ನಿಸಿ ವಿಫಲರಾದರು. ವಿಪರ್ಯಾಸವೆಂದರೆ, 1954ರಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ಅವರು ವಸ್ತ್ರೋದ್ಯಮಕ್ಕೆ ಮರಳಿದಾಗ ಹಣ ಹೂಡಿದ್ದು ಅದೇ ಪಾಲುದಾರ ಕುಟುಂಬ. ಪ್ಯಾರಿಸ್ಸಿನ ಪತ್ರಿಕೆಗಳು ಹಳಸಲೆಂದು ಜರೆದ ಆ ಉಡುಪುಗಳನ್ನು ಅಮೆರಿಕದ ಮಹಿಳೆಯರು ಆದರದಿಂದ ಕೊಂಡರು.

1971ರಲ್ಲಿ ಶನೆಲ್ ನಿಧನರಾದರು. ತೊಡುವವರ ಅನುಕೂಲವನ್ನು ಮೊದಲು ಗಮನಿಸಿದ್ದರಿಂದ ಅವರ ಶೈಲಿ ಬಾಳಿತು. ಅದನ್ನು ಮೆಚ್ಚಲು ಅಡ್ಡಿಯಿಲ್ಲ. ಅಂದದ ಉಡುಪು ಹೊಲಿದವರ ನಡತೆಗೆ ಮುಸುಕಾಗದಿದ್ದರೆ ಸಾಕು.